ನಮ್ಮಜ್ಜಂದಿರ ಮಿಷನ್ ಕೆಡುತ್ತಿರಲಿಲ್ಲ

ಕಳೆದ ಮಂಗಳವಾರ ಯಲ್ಲದಕೆರೆಯಲ್ಲಿ ನಾನು ಜರ್ಮನಿಯನ್ನು ಸೋಲಿಸಿದೆ. ಅರ್ಧ ಗಂಟೆಯ ಮಟ್ಟಿಗೆ.

ಅಲ್ಲಿನ ಹೊಸ ಕೈಪಂಪು ಕೈ ಕೊಟ್ಟಿತ್ತು. ಎಷ್ಟು ಒತ್ತಿದರೂ ಬರೀ ಗಾಳಿ. ಊರಿಗೆ ಕುಡಿಯುವ ನೀರೆಂದರೆ ಅದೊಂದೇ. ಅದು ನಿಂತರೆ ಎರಡು ಮೈಲಿ ಆಚೆಯ ಬಾವಿಗೆ ನಡೆಯಬೇಕು. ರಿಪೇರಿಗೆಂದು ಚಿತ್ರದುರ್ಗದಿಂದ ಫಿಟ್ಟರ್ ಆದ ನಾನು ಹೋದೆ. ಪಂಪು ಕೊಟ್ಟ ಜರ್ಮನಿಯ ಇಂಜಿನಿಯರೂ ಜೀಪಿನಲ್ಲಿ ಬಂದ.

ಬಿಚ್ಚಿ ನೋಡಿದರೆ ಒಳಗಿನ ವಾಷರ್ ಹರಿದಿದೆ.

"ಹೊಸ ವಾಷರ್ ಹಡಗಿನಲ್ಲಿ ಬರಬೇಕು. ಎರಡು ತಿಂಗಳು" ಎಂದ ಆತ. ಅಷ್ಟಕ್ಕೇ ಸುಮ್ಮನಿದ್ದನೇ? "ನಮ್ಮಲ್ಲಿ ನೆಲ ಅಗೆದರೆ ಎರಡು ಸಾವಿರ ವರ್ಷದ ಪಂಪುಗಳು ಸಿಗುತ್ತವೆ, ಗೊತ್ತಾ?"

ನಾನು ಓದಿದ್ದು ಆರನೇ ಕ್ಲಾಸು. ಆದರೆ ವರ್ಕ್‌ಶಾಪ್ ಇಂಗ್ಲಿಷಿನಲ್ಲಿ ಯಾರ ಜೊತೆಗೂ ಜಗಳವಾಡಬಲ್ಲೆ. (ಕೊಡ ಹಿಡಿದು ಸಾಲು ನಿಂತ ಹೆಂಗಸರಿಗೂ ಕೇಳಲಿ ಎಂದು ಆತನ ಮಾತು, ನನ್ನ ಮಾತು ಎಲ್ಲವನ್ನೂ ಕನ್ನಡದಲ್ಲೂ ಕೂಗುತ್ತಿದ್ದೆ.)

"ನಮ್ಮಲ್ಲಿ ಎಷ್ಟು ಅಗೆದ್ರೂ ಒಂದು ಪಂಪೂ ಸಿಗಲ್ಲ. ಯಾಕ್ ಹೇಳ್ರಿ? ಕೆಟ್ರೆ ತಾನೇ ಬಿಸಾಕೋದು? ನಮ್ಮಜ್ಜಂದಿರ ಮಿಷನ್ ಕೆಡ್ತಾನೇ ಇರ್ಲಿಲ್ಲ!"

ಆತ ಕೆಂಪಗಾದ. ಪುಸ್ತಕ ಅಚ್ಚು ಹಾಕುವ ಯಂತ್ರ ಕಂಡುಹಿಡಿದದ್ದೇ ತಾವು ಎಂದ.

"ಅಚ್ಚು ಯಾಕೆ? ನಮ್ಮೋರಿಗೆ ಎಲ್ಲಾ ಬಾಯಿಪಾಠ ಇತ್ತು!"

(ಹದಿಮೂರರ ಮಗ್ಗಿ ಬಾರದೆ ಶಾಲೆ ಬಿಟ್ಟವನು ನಾನು ಎಂಬುದು ಜರ್ಮನಿಗೆ ಹೇಗೆ ಗೊತ್ತಾಗಬೇಕು?)

ಸಾಲಿನಲ್ಲಿ ಮೊದಲು ನಿಂತಿದ್ದ ಗಂಗಮ್ಮ ಕೊಡ ಕುಕ್ಕಿದಳು.

"ಲೇ ಪಿಟ್ಟರಪ್ಪ, ನಿಮ್ಮಜ್ಜನ ಮಿಷನ್ ಕೆಡ್ಲಿಲ್ಲ, ಅವರಜ್ಜಂದು ಮಣ್ಣಾಗೆ ಸಿಕ್ತು. ನಮ್ಮಜ್ಜಿ ಏನ್ ಮಾಡ್ತಿದ್ಲು ಗೊತ್ತೈತಾ? ನೀರು ಹೊರ್ತಿದ್ಲು. ಈಗ ನಾನು ಹೊರ್ತಿದೀನಿ. ಎರಡು ತಿಂಗ್ಳು ನೀನ್ ಹೊರ್ತೀಯೇನು?"

ಸಾಲಿಗೆ ಸಾಲೇ ನಕ್ಕಿತು. ಆಕೆ ಹರಿದ ವಾಷರನ್ನು ಎತ್ತಿ ಹಿಂಡಿ ನೋಡಿದಳು. "ತೊಗಲಲ್ವೇನಪ್ಪ ಇದು?"

ಮನೆಗೆ ಹೋಗಿ ಹಳೇ ಕಪಿಲೆಯ ತೊಗಲು ತಂದಳು. ಹಿಂದೆ ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುತ್ತಿದ್ದರಲ್ಲ, ಆ ಚೀಲದ್ದು. ಇಪ್ಪತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನಿಗೆ ಇದು ಹೊಳೆಯಬಾರದಿತ್ತೇ? ಹೊಳೆಯುತ್ತಿತ್ತು. ಜರ್ಮನಿ ಅಡ್ಡ ಬಂತು.

ಹರಳೆಣ್ಣೆ ಸವರಿ ಮೆತ್ತಗೆ ಮಾಡಿ, ದುಂಡಗೆ ಕತ್ತರಿಸಿ ಕೂರಿಸಿದೆ. ಹತ್ತು ಸಲ ಒತ್ತಿದೆ. ಹನ್ನೊಂದನೆಯದಕ್ಕೆ ನೀರು!

"ಜರ್ಮನ್ ಪಂಪ್!" ಎಂದ ಆತ.

"ಇಂಡಿಯನ್ ಲೆದರ್!" ಎಂದೆ ನಾನು.

ಗಂಗಮ್ಮ ತುಂಬಿದ ಕೊಡ ತಂದು ನಮ್ಮಿಬ್ಬರ ನಡುವೆ ಇಟ್ಟಳು. "ಯಾವ ದೇಶದೋರು ಮುಂದೆ ಅದೀರಿ? ಇದನ್ನ ನಮ್ಮನೆತಂಕ ಹೊತ್ಕಂಡ್ ಬರ್ರಿ, ನೋಡಾಣ."

ಎರಡು ದೇಶಗಳೂ ಬಗ್ಗಿ, ಕಳೆದುಹೋಗದ ಸ್ಪ್ಯಾನರನ್ನು ಹುಡುಕತೊಡಗಿದವು.

ನೀರು ಹೊರುವ ಗಂಡಸನ್ನು ಇದುವರೆಗೆ ಯಾವ ದೇಶವಾದರೂ ಕಂಡುಹಿಡಿದಿದೆಯೇ?