ಮುಮ್ತಾಜಳ ಎಡಗೈ

ಎಡಗೈ ಬೇಡ ಎಂದು ನಾನು ನಿನಗೆ ಹೇಳಿದ್ದು ಸುಳ್ಳು, ಮುಮ್ತಾಜ್. ತಿಳಿಯದೆ ಆಡಿದ ಮಾತಲ್ಲ, ಬಾಯಿತಪ್ಪಿ ಬಂದದ್ದೂ ಅಲ್ಲ — ಸುಳ್ಳೆಂದು ಗೊತ್ತಿದ್ದೇ, ನಿನ್ನ ಮುಖ ನೋಡಿಯೇ ಹೇಳಿದೆ. ಆ ಸುಳ್ಳಿನ ಮೇಲೆ ಇಷ್ಟು ವರ್ಷ ಅನ್ನ ಉಂಡಿದ್ದೇನೆ. ಥೂ, ಬರೆಯುವಾಗಲೂ ಸಿಟ್ಟು ಬರುತ್ತದೆ. ನನ್ನ ಮೇಲೆ ಬರುತ್ತದೆ, ಅದು ಸರಿ. ನಿನ್ನ ಮೇಲೂ ಬರುತ್ತದೆ — ಅದು ಯಾವ ನ್ಯಾಯ ಎಂದು ಕೇಳಬೇಡ. ಅಷ್ಟು ಸುಲಭಕ್ಕೆ ಯಾಕೆ ನಂಬಿದೆ ನೀನು? ಒಂದು ಸಲ "ಹೋಗ್ರಿ ಅಕ್ಕಾ, ನಿಮಗೇನ ತಿಳೀತೈತಿ" ಎಂದು ಬೈದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ನಿಮ್ಮಪ್ಪನ ಅಂಗಡಿ. ಮುಂದೆ ಪೇಟಿ ರಿಪೇರಿ — ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನುವುದು — ಪರದೆಯ ಹಿಂದೆ ಟೀವಿ ಇಟ್ಟು ಹುಡುಗರಿಗೆ ವಿಡಿಯೋ ಗೇಮ್. ತಾವು ಬಾರಿಸುತ್ತಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ಅವರು ತಮ್ಮ ಕಾಲ್ಪೇಟಿಯನ್ನು ಅಂಗಡಿಯ ಮೂಲೆಗೆ ತಂದಿಟ್ಟಿದ್ದರು. ಅದಕ್ಕೆ ಗಾಳಿ ಊದುವ ತಿದಿಯನ್ನು ಕಾಲಿನಿಂದ ತುಳಿಯುವುದು, ಹಾಗಾಗಿ ಬಾರಿಸಲು ಎರಡೂ ಕೈ ಬಿಡುವು. ನಾವೆಲ್ಲ ಕೈಪೇಟಿಯವರು. ಬಲಗೈ ಬಾರಿಸುತ್ತದೆ, ಎಡಗೈ ತಿದಿ ಒತ್ತುತ್ತದೆ, ಅದಕ್ಕೆ ಬೇರೆ ಕೆಲಸವೇ ಗೊತ್ತಿಲ್ಲ. ನೀನು ಮಾತ್ರ ಸಣ್ಣವಳಿದ್ದಾಗಿನಿಂದ ಎರಡೂ ಕೈಯಿಂದ ಬಾರಿಸುತ್ತಾ ಬೆಳೆದವಳು.

ಆ ಗೇಮ್‌ನಲ್ಲಿ ಒಬ್ಬ ಅಂಬಿಗ ದೋಣಿ ನಡೆಸುತ್ತಿದ್ದ, ನೆನಪಿದೆಯೇ? ದೋಣಿ ಮುಳುಗಿದಾಗ ಟೀವಿ ಕಪ್ಪಾಗಿ ಒಂದು ಸಣ್ಣ ಧಾಟಿ ಬರುತ್ತಿತ್ತು. ಹುಡುಗರು ಅದನ್ನು ಪೂರ್ತಿ ಕೇಳುತ್ತಲೇ ಇರಲಿಲ್ಲ, ಗುಂಡಿ ಒತ್ತಿ ಮತ್ತೆ ಆಟ. ಸೋತಾಗ ಬರುವ ಧಾಟಿ ಯಾರಿಗೆ ಬೇಕು? ನೀನು ಪರದೆಯ ಈಚೆ ಕುಳಿತು ಅದನ್ನು ತುಂಡು ತುಂಡಾಗಿ ಕೇಳಿಸಿಕೊಂಡೆ, ಕಾಲ್ಪೇಟಿಯ ಮೇಲೆ ಜೋಡಿಸಿದೆ. ಇಲ್ಲದ ಕಡೆ ನಿನ್ನದೇ ಸೇರಿಸಿದೆ.

ನಮ್ಮ ಸಂಗೀತದ ಮಾಸ್ತರರ ಮನೆಯಲ್ಲಿ ರವಿವಾರ ಮಧ್ಯಾಹ್ನ ತಪ್ಪು ತೆಗೆಯುವ ಪಾಳಿ ಇರುತ್ತಿತ್ತು. ಒಬ್ಬರು ಬಾರಿಸುವುದು, ಉಳಿದವರು ತಪ್ಪು ಹೇಳುವುದು. ಬಾರಿಸಿದವರು ಎದುರಾಡುವ ಹಾಗಿಲ್ಲ; ಕೇಳಿಕೊಂಡು ಹೋಗಿ, ತಿದ್ದಿಕೊಂಡು, ಮುಂದಿನ ರವಿವಾರ ಬರಬೇಕು. ನೀನು ಆ ಧಾಟಿಯನ್ನು ಮೊದಲು ಬಾರಿಸಿದ್ದು ನಾನು ಅಲ್ಲಿಗೆ ಒಯ್ಯುತ್ತಿದ್ದ, ತಿದಿ ಇಲ್ಲದ ನನ್ನ ಕೀಬೋರ್ಡಿನ ಮೇಲೆ. ಟೀವಿಯ ಓಟವೇ ಅದರಲ್ಲೂ ಇತ್ತು. ತಬಲಾದ ಬಸು "ಯಾಕವಾ, ಬಸ್ ತಪ್ಪತೈತೇನ?" ಎಂದು ಎಲ್ಲರನ್ನೂ ನಗಿಸಿದ. ನೀನು ಲಯ ಇಳಿಸಿಕೊಂಡು ಬಂದೆ. ಕೊನೆ ಗಕ್ಕನೆ ನಿಂತುಬಿಡುತ್ತದೆ ಎಂದು ನಾನು ಹೇಳಿದೆ — ಅದು ಖರೇ ಮಾತು, ಪ್ರೀತಿಯಿಂದಲೇ ಹೇಳಿದ್ದು. ಮುಂದಿನ ಪಾಳಿಗೆ ನೀನು ಬಂದಾಗ ಬಲಗೈ ನಿಂತ ಮೇಲೂ ಎಡಗೈ ಕೆಳಗಿನ ಸಪ್ತಕದಲ್ಲಿ ಮೆಲ್ಲಗೆ ನಡೆಯುತ್ತಲೇ ಇತ್ತು, ದೋಣಿ ಮುಳುಗಿದರೂ ಹೊಳೆ ಹರಿಯುವ ಹಾಗೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಾಸ್ತರರು ಕೈ ನಿಲ್ಲಿಸಿ, "ಇನ್ನೊಮ್ಮೆ ಬಾರಸವಾ" ಎಂದರು.

ನನಗೆ ಅವರು ಯಾವತ್ತೂ ಇನ್ನೊಮ್ಮೆ ಎಂದಿರಲಿಲ್ಲ. ನಾನು ಶಾಸ್ತ್ರಿಗಳ ಮಗಳು, ಸಂಗೀತದ ಪರೀಕ್ಷೆಗಳನ್ನೆಲ್ಲ ಪಾಸಾದವಳು, ಊರಿನ ಯಾವ ಕಾರ್ಯಕ್ರಮವಾದರೂ ಸ್ವಾಗತಗೀತೆ ನನ್ನದೇ. ಆದರೂ ಇನ್ನೊಮ್ಮೆ ಅನ್ನಿಸಿಕೊಂಡವಳು ನೀನು — ಅದೂ ನನ್ನ ಕೀಬೋರ್ಡಿನ ಮೇಲೆ! ಕೀಬೋರ್ಡನ್ನು ಕಿತ್ತುಕೊಂಡು ಮನೆಗೆ ಹೋಗಬೇಕೆನಿಸಿತು. ಮೇಲೆ ಮಾತ್ರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಅದೇ ಹೊತ್ತಿಗೆ ಕಿತ್ತೂರಿನ ಆಚೆಯ ಒಂದು ಹಾಸ್ಟೆಲ್ ಶಾಲೆಗೆ ಸಂಗೀತದ ಟೀಚರ್ ಬೇಕಾಗಿದ್ದರು. ಯಾರೋ ದಾನ ಕೊಟ್ಟ ಹಳೆಯ ಪಿಯಾನೋ ಅಲ್ಲಿತ್ತು, ಅದರ ಮೇಲೆ ಒಬ್ಬರೇ ಕುಳಿತು ಏನಾದರೂ ಬಾರಿಸಿ ತೋರಿಸಬೇಕಿತ್ತು. ಇಬ್ಬರೂ ಅರ್ಜಿ ಹಾಕಿದೆವು. ರಾಮದುರ್ಗದ ಗಂಡಿನ ಕಡೆಯವರು ಆಗಲೇ ನಿನ್ನನ್ನು ನೋಡಿ ಹೋಗಿದ್ದರು. "ನೌಕರಿ ಸಿಕ್ರ ಲಗ್ನ ಮುಂದ ಹಾಕ್ತೇನಿ ಅಂದಾರ ನಮ್ಮ ಅಬ್ಬಾ. ಸಿಗಲಿಲ್ಲಂದ್ರ ಮುಗೀತ್ರಿ ಅಕ್ಕಾ, ತುಂಬಿದ ಮನಿಯಾಗ ಸೊಸಿ ಪೇಟಿ ಮುಂದ ಕುಂದ್ರಾಕ ಆಗತೈತೇನ?" ಎಂದು ನೀನೇ ಹೇಳಿದ್ದೆ. ಅಂದರೆ ನನಗೆ ಎಲ್ಲಾ ಗೊತ್ತಿತ್ತು. ಏನು ಹೋಗುತ್ತದೆ, ಯಾರದು ಹೋಗುತ್ತದೆ — ಗೊತ್ತಿತ್ತು.

ಸಂದರ್ಶನದ ಹಿಂದಿನ ವಾರ ಮಾಸ್ತರರು ಹೂಲಿಯ ನೆಂಟರ ಮನೆಗೆ ಹೋಗಿದ್ದರು, ಪಾಳಿ ಇರಲಿಲ್ಲ. ನೀನು ಧಾಟಿಯನ್ನು ಕ್ಯಾಸೆಟ್ಟಿಗೆ ತುಂಬಿಸಿ ನನ್ನ ಕೈಗೆ ಕೊಟ್ಟೆ. "ಸಾವಕಾಶ ಕೇಳಿ ತಪ್ಪ ತಗೀರಿ ಅಕ್ಕಾ. ನಿಮ್ಮಷ್ಟ ಖರೇ ಹೇಳವರು ಯಾರೂ ಇಲ್ಲ."

ಕೇಳಿದೆ. ತಪ್ಪು ಹುಡುಕಿದೆ. ಇರಲಿಲ್ಲ.

ಮರುದಿನ ಅಂಗಡಿಗೆ ಬಂದೆ. ನಿಮ್ಮಮ್ಮ ಒಳಗಿನಿಂದ ಚಹಾ ಕಳಿಸಿದರು, ಕುಡಿದೆ. ಆಮೇಲೆ ದೊಡ್ಡ ತಿಳಿದವಳ ಮುಖ ಮಾಡಿ ಹೇಳಿದೆ: "ಎಡಗೈ ಭಾಳ ಮಾತಾಡ್ತದ, ಮುಮ್ತಾಜ್. ಎರಡ ಸ್ವರ ಕೂಡಿ ಬಂದ್ರ ಅಪಸ್ವರ ಅಂತಾರ ತಿಳಿದವರು. ಪೂರ್ತಿ ತಗದ ಬಿಡು. ಬಲಗೈ ಒಂದ ಸಾಕು."

ತಿಳಿದವರು! ನಮ್ಮ ಸಂಗೀತದಲ್ಲಿ ಸ್ವರ ಒಂದರ ಹಿಂದೆ ಒಂದು ಬರುತ್ತದೆ, ಅದು ನಿಜ. ಆ ನಿಜವನ್ನೇ ಚೂರಿ ಮಾಡಿಕೊಂಡೆ. ಪಿಯಾನೋದ ರೀತಿ ಬೇರೆ, ಅದಕ್ಕೆ ಎರಡೂ ಕೈ ಬೇಕೇಬೇಕು ಎಂದು ನನಗೆ ಗೊತ್ತಿತ್ತು; ಪಿಯಾನೋವನ್ನೇ ಕಾಣದ ನಿನಗೆ ಗೊತ್ತಿರಲಿಲ್ಲ. ನೀನು ನಿನ್ನ ಎಡಗೈಯನ್ನೇ ನೋಡಿಕೊಂಡೆ. ಏನೋ ಹೇಳಲು ಬಾಯಿ ತೆರೆದೆ — ತಪ್ಪು ಕೇಳಿಸಿಕೊಂಡವರು ಎದುರಾಡುವ ಹಾಗಿಲ್ಲವಲ್ಲ. "ಆತ್ರೀ ಅಕ್ಕಾ" ಎಂದೆ. ಬೆಂಕಿ ಹಚ್ಚಲಿ ಆ ರೂಢಿಗೆ! — ಇಲ್ಲ, ರೂಢಿಯದೇನು ತಪ್ಪು? ನಂಬಿದವಳ ಕುತ್ತಿಗೆ ಕೊಯ್ದವಳು ನಾನು. ಕ್ಯಾಸೆಟ್ಟನ್ನು ತಿರುಗಿ ಕೊಡಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ನಿನ್ನ ಎಡಗೈ ಮಾಡುತ್ತಿದ್ದುದನ್ನೆಲ್ಲ ನನ್ನ ಮೊಂಡ ಎಡಗೈಗೆ ಕಲಿಸಿದೆ. ಮೊದಲೇ ಲೆಕ್ಕ ಹಾಕಿದ್ದೆಯಾ ಎಂದು ನೀನು ಕೇಳಿದರೆ — ಹಾಕಿದ್ದೆ.

ಸಂದರ್ಶನದ ದಿನ ನಿನ್ನ ಹೆಸರನ್ನೇ ಮೊದಲು ಕರೆದರು. ಅಷ್ಟುದ್ದದ ಪಿಯಾನೋ, ನೀನು ಅದರ ಮುಂದೆ ಕುಳಿತು ಬಲಗೈಯಿಂದ ಮಾತ್ರ ಬಾರಿಸಿದೆ. ಎಡಗೈ ಮಡಿಲಲ್ಲಿ ಬಿದ್ದಿತ್ತು. ನಡುವೆ ಎರಡು ಸಲ ಅದರ ಬೆರಳು ತಾವಾಗಿ ಮಿಡುಕಿದವು, ನಾನು ಕಂಡೆ. ಮುಗಿದ ಮೇಲೆ ಸಂದರ್ಶನಕ್ಕೆ ಕುಳಿತಿದ್ದ ಹಿರಿಯ ಹೆಣ್ಣುಮಗಳು ಕನಿಕರದಿಂದ ಕೇಳಿದರು: "ಎಡಗೈಗೆ ಏನಾದರೂ ತೊಂದರೆ ಇದೆಯೇನಮ್ಮಾ?"

ಹಿಂದಿನ ಕುರ್ಚಿಯಲ್ಲಿದ್ದ ನನ್ನ ಕಡೆ ತಿರುಗಿ ನೀನು ನಕ್ಕೆ — ನೋಡ್ರಿ ಅಕ್ಕಾ, ಇವರಿಗೆ ತಿಳಿಯೋದಿಲ್ಲ ಅನ್ನುವ ಹಾಗೆ. "ಇಲ್ರಿ, ಬೇಕಂತನ ಬಿಟ್ಟೇನ್ರಿ" ಎಂದೆ.

ಹೊರಗೆ ನಿಮ್ಮಪ್ಪ ಗಾಡಿ ಚಾಲೂ ಮಾಡಿ ನಿಂತಿದ್ದರು, ಅಂಗಡಿ ತೆರೆಯುವ ಅವಸರ. ನಿನ್ನನ್ನು ಕೂರಿಸಿಕೊಂಡ ಗಾಡಿಯ ಸಪ್ಪಳ ಗೇಟು ದಾಟುವ ತನಕ ತಡೆದು, ನಾನು ಎದ್ದು ಹೋಗಿ ನಿನ್ನ ಧಾಟಿಯನ್ನೇ ಎರಡೂ ಕೈಯಿಂದ ಬಾರಿಸಿದೆ. "ಈಗ ಹೋದ ಹುಡುಗಿಯೂ ಇದನ್ನೇ ಬಾರಿಸಿದಳಲ್ಲ?" ಎಂದರು ಅದೇ ಹೆಣ್ಣುಮಗಳು. "ಹೌದ್ರಿ, ನಾನೇ ಕಲಿಸೀನ್ರಿ" ಎಂದೆ. ನನ್ನ ನಾಲಿಗೆ ಆಗಲೇ ಸೇದಿಹೋಗಬಾರದಿತ್ತೇ!

ನೌಕರಿ ನನಗಾಯಿತು. ಆ ವರ್ಷವೇ ನೀನು ರಾಮದುರ್ಗದ ಸೊಸೆಯಾದೆ. ಶಾಲೆಯಲ್ಲಿ ಆ ಧಾಟಿಗೆ ಮೇಡಂ ಧಾಟಿ ಅಂತಲೇ ಹೆಸರು. ಪ್ರತಿ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಯಾವಳಾದರೂ ಹುಡುಗಿ ಅದನ್ನು ಬಾರಿಸುತ್ತಾಳೆ, ಪಾಲಕರು ಬಂದು ಕೈಮುಗಿಯುತ್ತಾರೆ. ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಚಲೋ ಇರುತ್ತಿತ್ತು.

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಹೋದ ತಿಂಗಳು ಒಬ್ಬ ಹಳೆಯ ವಿದ್ಯಾರ್ಥಿನಿಯ ಮದುವೆಗೆ ರಾಮದುರ್ಗಕ್ಕೆ ಬಂದಾಗ ನೀನೇ ಕಂಡು, ಕೈ ಹಿಡಿದು ಮನೆಗೆ ಕರೆದೊಯ್ದೆ. ಗಂಡ ಮಗಳಿಗೆ ಕೀಬೋರ್ಡ್ ಕೊಡಿಸಿದ್ದಾರೆ, ನೋಡ್ರಿ ಬರ್ರಿ ಎಂದೆ. ನೀನು ಬಾರಸ್ತೀಯೇನ ಎಂದು ನಾನು ಕೇಳಿದರೆ, "ನಂದೆಲ್ಲಿದ್ರಿ ಅಕ್ಕಾ, ಬಿಟ್ಟ ಎಷ್ಟ ಕಾಲಾತು" ಎಂದು ನಕ್ಕೆ. ಮಗಳು ಕುಳಿತು ಬಾರಿಸತೊಡಗಿದಳು. ಯಾರೂ ಹೇಳಿಕೊಡದೆಯೇ ಅವಳ ಎಡಗೈ ಕೆಳಗಿನ ಸ್ವರಗಳ ಕಡೆ ಹೋಯಿತು. ನೀನು ಅದನ್ನು ಹಿಡಿದು, ಮೆಲ್ಲಗೆ, ಅವಳ ಮಡಿಲಲ್ಲಿ ಇಟ್ಟೆ.

"ಎಡಗೈ ಭಾಳ ಮಾತಾಡಬಾರದ, ಬೇಟಾ. ಈ ಟೀಚರನ ನನಗ ಹೇಳಿಕೊಟ್ಟಾರ, ಕೇಳ ಬೇಕಾದ್ರ."

ಹುಡುಗಿ ನನ್ನ ಮುಖ ನೋಡಿದಳು. ಆಗಲಾದರೂ ಹೇಳಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ — ಹೌದು ಎಂದು ತಲೆಯಾಡಿಸಿದೆ. ನೀನು ಕೊಟ್ಟ ಸುರಕುಂಬಾ ಪಾಯಸ ಉಂಡು, "ಚಲೋ ಬಾರಸ್ತಾಳ" ಎಂದು ಬಸ್ಸು ಹತ್ತಿದೆ. ಮೊದಲನೆಯ ಸುಳ್ಳಿಗೆ ವಯಸ್ಸಿನ ಹೊಟ್ಟೆಕಿಚ್ಚಾದರೂ ಇತ್ತು. ಈ ತಲೆಯಾಡಿಸಿದ್ದಕ್ಕೆ ಏನಿದೆ? ಬರೀ ಹೇಡಿತನ.

ನಾಳೆ ಮುಂಜಾನೆಯ ಬಸ್ಸಿಗೆ ಬರುತ್ತಿದ್ದೇನೆ. ಬರೆದದ್ದನ್ನು ನಿನ್ನ ಕೈಯಲ್ಲಿ ತುರುಕಿ ಓಡುವವಳಲ್ಲ. ಬಾಯಿಂದಲೇ ಹೇಳುತ್ತೇನೆ, ನಿನ್ನ ಮಗಳ ಮುಂದೆಯೇ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನಿನ್ನಿಂದ ಕಸಿದದ್ದನ್ನು ತಿರುಗಿ ಕೊಡಲು ನನ್ನ ಕೈಲಾಗದು. ಆದರೆ ಆ ಹುಡುಗಿಯದು ಇನ್ನೂ ಸಣ್ಣ ಕೈ, ಕೆಳಗಿನ ಸ್ವರಗಳ ದಾರಿಯನ್ನು ಅದು ಇನ್ನೂ ಮರೆತಿರಲಿಕ್ಕಿಲ್ಲ.