ಮರಳುಗುಡ್ಡದಲ್ಲಿ ನಾಗರಪಂಚಮಿ

ನಮ್ಮ ಅತ್ತೆಯನ್ನು ಮರಳುಗುಡ್ಡದ ಬುಡದಲ್ಲಿ ಹಸ್ತಾಂತರ ಮಾಡುವುದೆಂದು ಅಣ್ಣತಮ್ಮಂದಿರಿಬ್ಬರೂ ಫೋನಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು. ನಾವು ಡೆಟ್ರಾಯಿಟ್ ಕಡೆ, ವಿಕ್ಸಮ್ ಹತ್ತಿರ ಇದ್ದೆವು. ನಮ್ಮವರಿಗೆ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಭಾವ ಶಿಕಾಗೋ ಕಡೆ ಶಾಮ್‌ಬರ್ಗ್‌ನಲ್ಲಿ ಡಾಕ್ಟರು. ಮೈಸೂರಿನಿಂದ ಬರುವ ಅತ್ತೆ ಮೂರು ತಿಂಗಳು ನಮ್ಮಲ್ಲಿ, ಮೂರು ತಿಂಗಳು ಅವರಲ್ಲಿ ಎಂದು ವಿಮಾನ ಹತ್ತುವ ಮೊದಲೇ ಪಾಲಾಗಿತ್ತು. ನಮ್ಮ ಪಾಲು ಆಗಸ್ಟಿನಲ್ಲಿ ಮುಗಿಯಿತು. ನನಗೆ ಆಗ ಏಳು ತಿಂಗಳು ತುಂಬಿತ್ತು.

ಚೊಚ್ಚಲ ಹೆರಿಗೆ. ನನ್ನ ಅಮ್ಮ ಬರುವುದೆಂದಿತ್ತು. ಜೂನ್‌ನಲ್ಲಿ ಊರಿನಿಂದ ಕಾಗದ ಬಂತು: ಅಮ್ಮನ ಮಂಡಿ ಊದಿಕೊಂಡಿದೆ, ಮನೆಯ ಮೆಟ್ಟಿಲೇ ಹತ್ತಲಾಗುತ್ತಿಲ್ಲ, ಇನ್ನು ವಿಮಾನದ ಮೆಟ್ಟಿಲು ಎಲ್ಲಿಂದ ಹತ್ತಬೇಕು. ಅದನ್ನು ಅತ್ತೆಗೆ ಓದಿ ಹೇಳಿದೆ. "ಅಯ್ಯೋ ಪಾಪ" ಎಂದರು. ಅಷ್ಟೇ. ಅವರು "ನಾನಿರ್ತೀನಿ" ಅನ್ನಲಿಲ್ಲ, ನಾನು "ಇರಿ" ಅನ್ನಲಿಲ್ಲ. ಚೊಚ್ಚಲ ಬಾಣಂತನ ತವರಿನವರ ಹಕ್ಕು, ಕೇಳದೆ ಕೈಹಾಕಬಾರದು ಎನ್ನುವುದು ಅವರ ಮರ್ಯಾದೆ. ಮೂರು ತಿಂಗಳೂ ನನ್ನ ಸಾರಿಗೆ ಉಪ್ಪು ಸಾಲದು ಎಂದವರ ಮುಂದೆ ಅಂಗಲಾಚಬಾರದು ಎನ್ನುವುದು ನನ್ನ ಬಿಗುಮಾನ. ಎಳೆಮಗುವಿಗೆ ಎಣ್ಣೆ ಒತ್ತಿ ನೀರು ಹಾಕುವುದನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನಮ್ಮವರು ಲೈಬ್ರರಿಯಿಂದ ಒಂದು ಪುಸ್ತಕ ತಂದಿಟ್ಟು ಕೈತೊಳೆದುಕೊಂಡಿದ್ದರು. ನನ್ನೊಳಗೆ ಮಗುವಿನ ಜೊತೆಜೊತೆಗೇ ಭಯವೂ ಬೆಳೆಯುತ್ತಿತ್ತು.

ಅತ್ತೆ ಬರುವಾಗಲೇ ಒಂದು ಗಂಟು ತಂದಿದ್ದರು. ಒಣಶುಂಠಿ, ಹಿಪ್ಪಲಿ, ಓಮ, ಬಜೆ, ಮಗುವಿಗೆ ಹಾಸಲು ಹಳೆಯ ಮೆತ್ತನೆಯ ಸೀರೆಯ ತುಂಡುಗಳು. "ಇರಲಿ ಅಂತ ತಂದೆ" ಎಂದು ಅಕ್ಕಿ ಡಬ್ಬದ ಹಿಂದೆ ತಳ್ಳಿದ್ದರು. ಹೊರಡುವ ದಿನ ಅವರು ಚೀಲ ತುಂಬುವಾಗ ಆ ಗಂಟೂ ಹೋಯಿತು ಎಂದುಕೊಂಡೆ. ಇಣುಕಿ ನೋಡಲೂ ಮನಸ್ಸಾಗಲಿಲ್ಲ.

ಅತ್ತೆ ಹೊರಡಬೇಕಿದ್ದ ಆ ಶನಿವಾರವೇ ನಾಗರಪಂಚಮಿ ಬಿದ್ದಿತ್ತು. ಅತ್ತೆ ಒಂದು ವಾರದಿಂದ ಹುತ್ತ ಬೇಕು ಎಂದು ಹಟ ಹಿಡಿದಿದ್ದರು. ಶಿಕಾಗೋ ಹತ್ತಿರದ ಲೆಮಾಂಟ್‌ನಲ್ಲಿ ಇನ್ನೂ ದೇವಸ್ಥಾನ ಎದ್ದಿರದ ಕಾಲ. ಮಣೆಯ ಮೇಲೆ ಅರಿಶಿನದಲ್ಲಿ ನಾಗಪ್ಪನನ್ನು ಬರೆದು ತನಿ ಎರೆಯೋಣವೆಂದರೆ ಒಪ್ಪಲಿಲ್ಲ.

"ಬಸುರಿ ಇರೋ ಮನೆ. ಈ ವರ್ಷ ಹುತ್ತಕ್ಕೇ ಹಾಲೆರೀಬೇಕು."

"ಅಮ್ಮ, ಇಲ್ಲಿ ಯಾರ ಲಾನ್‌ನಲ್ಲಾದ್ರೂ ಹುತ್ತ ಎದ್ರೆ ಔಷಧಿ ಹೊಡಿಯೋನಿಗೆ ಫೋನ್ ಮಾಡ್ತಾರೆ" ಎಂದರು ನಮ್ಮವರು.

"ಅದಕ್ಕೇ ಈ ದೇಶದಲ್ಲಿ ಮನೆಗೊಂದೇ ಮಗು" ಎಂದರು ಅತ್ತೆ.

ಇಬ್ಬರಿಗೂ ನಡುವೆ ಬೀಳುವ ಜಾಗವೆಂದು ನಮ್ಮವರು ಹುಡುಕಿದ್ದು ಮಿಶಿಗನ್ ಸರೋವರದ ದಂಡೆಯ ಒಂದು ಪಾರ್ಕು. ಅಲ್ಲಿ ಮೈಲಿಗಟ್ಟಲೆ ಮರಳುಗುಡ್ಡ. "ಅಮ್ಮ, ರಾಜಸ್ಥಾನಕ್ಕೆ ಹೋಗೋದೇ ಬೇಡ, ಮರಳುಗಾಡು ಇಲ್ಲೇ ತೋರಿಸ್ತೀನಿ" ಎಂದಿದ್ದರು. ರಾಜಸ್ಥಾನ ನೋಡಬೇಕೆಂದು ಅತ್ತೆ ಎಂದೂ ಕೇಳಿರಲಿಲ್ಲ. ಮೂರೂವರೆ ಗಂಟೆ ಡ್ರೈವ್ ಮಾಡಿ ಸರಿಯಾಗಿ ಹತ್ತಕ್ಕೆ ತಲುಪಿದೆವು. ಭಾವನ ಸುಳಿವಿಲ್ಲ. ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಹತ್ತು ಎಂದರೆ ಯಾರ ಹತ್ತು ಎಂದು ಎರಡೆರಡು ಡಿಗ್ರಿ ಪಡೆದ ಈ ಮೇಧಾವಿಗಳಿಬ್ಬರೂ ಕೇಳಿಕೊಂಡಿರಲಿಲ್ಲ.

ಒಂದು ಗಂಟೆ ಕಾಯಬೇಕಿತ್ತು. ನಮ್ಮವರು ಷೂ ಕಳಚಿ, ಪ್ಯಾಂಟು ಮಡಚಿ, ಅಲ್ಲಿನ ಹುಡುಗರಂತೆ ಗುಡ್ಡ ಹತ್ತಲು ಓಡಿದರು. ಎರಡು ಹೆಜ್ಜೆ ಮೇಲೆ, ಒಂದೂವರೆ ಹೆಜ್ಜೆ ಕೆಳಗೆ. ಮೇಲಿನಿಂದ ಯಾರೋ ದೊಡ್ಡ ರೆಕ್ಕೆ ಕಟ್ಟಿಕೊಂಡು ಹಾರುತ್ತಿದ್ದರು, ಕೆಳಗೆ ಮರಳಿನ ಮೇಲೆ ಜೀಪು ಓಡಿಸುತ್ತಿದ್ದರು. "ಇವರಿಗೆಲ್ಲ ಮನೇಲಿ ಕೆಲಸ ಇಲ್ವೇನೇ" ಎಂದರು ಅತ್ತೆ. ಏಳು ತಿಂಗಳ ಬಸುರಿಗೆ ಎಲ್ಲಿ ಹೋದರೂ ಮೊದಲು ಬೇಕಾಗುವುದು ಬಾತ್‌ರೂಮು. ನಾನು ಅತ್ತೆಯನ್ನು ಕರೆದುಕೊಂಡು ಪೈನ್ ಮರಗಳ ಹಿಂದಿನ ಕಟ್ಟಡಕ್ಕೆ ಹೋದೆ. ವಾಪಸು ಬರುವಾಗ ಬೇರೆ ಕಾಲುದಾರಿ ಹಿಡಿದೆವು.

ಅತ್ತೆ ಗಕ್ಕನೆ ನಿಂತರು. ಮರಗಳ ನೆರಳಲ್ಲಿ ಮಣ್ಣಿನ ಮೂರು ದಿಬ್ಬಗಳಿದ್ದವು. ನಡುವಿನದು ಆಳೆತ್ತರ. ಸುತ್ತ ಮೊಣಕಾಲೆತ್ತರದ ಸರಪಳಿ.

"ಹುತ್ತ ಕಣೇ!"

"ಇಷ್ಟು ದಪ್ಪದ್ದಾ, ಅತ್ತೆ?"

"ಅಮೆರಿಕದಲ್ಲಿ ಏನು ತಾನೇ ದಪ್ಪ ಇಲ್ಲ? ಇಲ್ಲಿ ಬದನೇಕಾಯಿ ನೋಡಿದೀಯಲ್ಲ."

ಆ ಬದನೇಕಾಯಿಯನ್ನು ನಾನೂ ಕಂಡಿದ್ದೆ. ಸಾಲದ್ದಕ್ಕೆ ದಿಬ್ಬದ ಬುಡದಲ್ಲಿ ಯಾವುದೋ ಪ್ರಾಣಿ ತೋಡಿದ ಬಿಲವೂ ಇತ್ತು. ಅತ್ತೆ ಎರಡೂ ಕೆನ್ನೆ ಬಡಿದುಕೊಂಡರು. ಸುತ್ತಲೂ ಸರಪಳಿ ಕಟ್ಟಿ ಕಾಪಾಡಿರುವುದನ್ನು ನೋಡಿ ಅವರಿಗೆ ಅಮೆರಿಕನ್ನರ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಕಾರಿನಿಂದ ಹಾಲಿನ ಡಬ್ಬ, ತಂಬಿಟ್ಟು, ಚಿಗಳಿ, ಗೆಜ್ಜೆವಸ್ತ್ರ, ಸೂಪರ್‌ಮಾರ್ಕೆಟ್ಟಿನ ತೆಂಗಿನಕಾಯಿ ಎಲ್ಲ ಬಂತು. ಅತ್ತೆ ಸರಪಳಿ ದಾಟಿದರು, ನನ್ನನ್ನೂ ಕೈಹಿಡಿದು ದಾಟಿಸಿದರು. ಅರಿಶಿನ ಕುಂಕುಮ ಹಾಕಿ ಅರ್ಧ ಗ್ಯಾಲನ್ ಹಾಲನ್ನೂ ಬಿಲದೊಳಗೆ ಎರೆದರು. ಮೂರು ಪ್ರದಕ್ಷಿಣೆ ಮಾಡಿಸಿದರು. ಹುತ್ತದ ಮಣ್ಣನ್ನು ಹಾಲಿನಲ್ಲಿ ಕಲಸಿ ಪ್ರಸಾದವೆಂದು ನನ್ನ ಕಿವಿಗೆ ಹಚ್ಚಿ, ಸೆರಗು ಸರಿಸಿ ಹೊಟ್ಟೆಗೂ ಧಾರಾಳವಾಗಿ ಬಳಿದರು. "ನಾಗಪ್ಪಾ, ಸುಖವಾಗಿ ಹೆರಿಗೆ ಮಾಡಿಸು" ಎಂದು ಗಟ್ಟಿಯಾಗಿ ಬೇಡಿಕೊಂಡರು. ಅವರ ದನಿ ನಡುಗಿತು. ನೀವೇ ಇದ್ದು ಮಾಡಿಸಬಾರದೇ ಎಂಬ ಮಾತು ತುದಿನಾಲಿಗೆಗೆ ಬಂದದ್ದನ್ನು ನುಂಗಿಕೊಂಡೆ. ಕಾಯಿ ಒಡೆಯಲು ಕಲ್ಲು ಸಿಗಲಿಲ್ಲ. ಅತ್ತೆ ಅಲ್ಲೇ ಇದ್ದ ಒಂದು ಕಬ್ಬಿಣದ ಕಂಬಕ್ಕೆ ಫಟ್ಟನೆ ಹೊಡೆದರು. ಅದು ಪಾರ್ಕಿನ ಬೋರ್ಡಿನ ಕಂಬ. ನಾವು ಹಿಂದಿನಿಂದ ಬಂದಿದ್ದರಿಂದ ಬೋರ್ಡಿನ ಬೆನ್ನನ್ನಷ್ಟೇ ನೋಡಿದ್ದೆವು.

ಸದ್ದು ಕೇಳಿ ಅಗಲ ಟೋಪಿಯ ರೇಂಜರ್ ಹುಡುಗಿಯೊಬ್ಬಳು ಓಡಿಬಂದಳು. ಅದೇ ಹೊತ್ತಿಗೆ ನಮ್ಮವರೂ ಷೂ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತಾ ಬಂದರು. ನಾಗರಪಂಚಮಿಯನ್ನು ಅವಳಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ಪಾಪ, ಸಿಟ್ಟಾಗಲಿಲ್ಲ. ಆ ಹಾವು ಎಷ್ಟು ಉದ್ದವಿದೆ, ಎಲ್ಲಿ ನೋಡಿದಿರಿ ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಹಾವಿಲ್ಲ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಹೇಳಿದಳು: ಇವು ಈ ಸರೋವರದ ದಂಡೆಯ ಮೂಲನಿವಾಸಿಗಳ ಸಮಾಧಿಗಳು, ಸಾವಿರಾರು ವರ್ಷದವು, ದಯವಿಟ್ಟು ಸರಪಳಿಯ ಆಚೆ ಬನ್ನಿ.

ನಾನು ನಮ್ಮವರಿಗೆ ಕಣ್ಣಲ್ಲೇ ಬೇಡ ಬೇಡ ಎಂದೆ. ಕಣ್ಸನ್ನೆ ಅರ್ಥವಾಗುವ ಗಂಡಸಲ್ಲ ಅವರು. ಮೇಲಾಗಿ ಸತ್ಯಹರಿಶ್ಚಂದ್ರನ ತುಂಡು.

"ಅಮ್ಮ, ಅದು ಹುತ್ತ ಅಲ್ವಂತೆ. ಗೋರಿಯಂತೆ. ಒಳಗೆ ಹೆಣ ಹೂಳಿದಾರಂತೆ."

ಅತ್ತೆ ದಿಬ್ಬ ನೋಡಿದರು. ನನ್ನ ಹೊಟ್ಟೆಯ ಮೇಲೆ ಒಣಗುತ್ತಿದ್ದ ಮಣ್ಣನ್ನು ನೋಡಿದರು. ಮುಖ ಬಿಳುಚಿಕೊಂಡಿತು. ಬಸುರಿ ಸ್ಮಶಾನದ ದಾರಿಯಲ್ಲೇ ಹೋಗಬಾರದು ಎನ್ನುವ ಮನೆತನ ನಮ್ಮದು. ನಾನಾದರೋ ಪ್ರದಕ್ಷಿಣೆ ಹಾಕಿ ಪ್ರಸಾದ ಬಳಿದುಕೊಂಡು ನಿಂತಿದ್ದೆ.

"ನಡೀರಿ ನೀರಿಗೆ. ಯಾರೂ ಯಾರನ್ನೂ ಮುಟ್ಟಬೇಡಿ. ಕಾರಲ್ಲಿರೋ ಕಡುಬಿನ ಡಬ್ಬ ಮುಟ್ಟೀರಾ ಜೋಕೆ."

ಅಂಗೈಯಗಲದ ಬಟ್ಟೆ ತೊಟ್ಟವರು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಆ ದಂಡೆಯಲ್ಲಿ ಒಂಬತ್ತು ಗಜದ ಸೀರೆಯ ಅತ್ತೆ, ಆರು ಗಜದ ಸೀರೆಯ ಬಸುರಿ, ಪ್ಯಾಂಟು ಶರ್ಟಿನ ಎಂಜಿನಿಯರ್ ಸಾಲಾಗಿ ನೀರಿಗಿಳಿದೆವು. ಎಲ್ಲರೂ ಎದ್ದು ಕೂತು ನೋಡಿದರು. ಮೂರು ಮುಳುಗು. ನೀರು ಕೊರೆಯುತ್ತಿತ್ತು. ಅತ್ತೆ "ಗಂಗೇಚ ಯಮುನೇಚೈವ" ಎಂದು ಶುರುಮಾಡಿ, ಮಿಶಿಗನ್ ಸರೋವರವನ್ನೂ ಕೊನೆಗೆ ಸೇರಿಸಿದರು. ರೇಂಜರ್ ಹುಡುಗಿ ನಾನು ಜಾರೀನೆಂದು ಬೂಟು ನೆನೆಸಿಕೊಂಡು ಪಕ್ಕದಲ್ಲೇ ನಿಂತಿದ್ದಳು.

ನಾವು ತೊಪ್ಪೆಯಾಗಿ ಮೇಲೆ ಬರುವಾಗ ಭಾವ ತಮ್ಮ ಹತ್ತು ಗಂಟೆಗೆ ಸರಿಯಾಗಿ ಬಂದಿಳಿದರು. ವಿಷಯ ಕೇಳಿ ನಕ್ಕೂ ನಕ್ಕೂ ಕಾರಿಗೆ ಒರಗಿದರು. "ಸಾವಿರಾರು ವರ್ಷ ಆಗಿದೆ ಅಮ್ಮ. ಬರೀ ಮಣ್ಣು. ಡಾಕ್ಟರ್ ಹೇಳ್ತಿದೀನಿ, ಏನೂ ಆಗಲ್ಲ" ಎಂದು ಅತ್ತೆಯ ಚೀಲವನ್ನು ತಮ್ಮ ಡಿಕ್ಕಿಗೆ ಹಾಕಿಕೊಂಡರು.

ಅತ್ತೆ ಕದಲಲಿಲ್ಲ. ಸೆರಗು ಹಿಂಡುತ್ತಾ ನನ್ನನ್ನೇ ನೋಡಿದರು.

"ನಿಂಗೇನನ್ನಿಸ್ತಿದೆಯೇ?"

ನನಗೆ ಆ ಕ್ಷಣ ಒಂದು ಕಳ್ಳ ಬುದ್ಧಿ ಹೊಳೆಯಿತು, ಒಪ್ಪಿಕೊಳ್ಳುತ್ತೇನೆ. ಗೋರಿ ಗೀರಿಗೆ ಹೆದರುವವಳಲ್ಲ ನಾನು, ಬಿ.ಎಸ್ಸಿ. ಓದಿದವಳು. ಆದರೂ ಮುಖ ಸಣ್ಣಗೆ ಮಾಡಿಕೊಂಡು ಹೇಳಿದೆ:

"ಭಯ ಆಗ್ತಿದೆ, ಅತ್ತೆ."

ನಾಟಕವೆಂದೇ ಬಾಯಿ ತೆರೆದದ್ದು. ಹೇಳಿ ಮುಗಿಸುವಷ್ಟರಲ್ಲಿ ಅದು ನಿಜವಾಗಿತ್ತು. ಜೂನ್‌ನಿಂದ ಕಟ್ಟಿಟ್ಟಿದ್ದ ಅಳು ಒಡೆದುಬಂತು. ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. "ನಂಗೆ ಏನೂ ಗೊತ್ತಿಲ್ಲ. ಮಗೂನ ಎತ್ಕೊಳೋಕೂ ಬರಲ್ಲ. ನೀವು ಹೋಗಬೇಡಿ."

ಅತ್ತೆ ಭಾವನ ಕಡೆ ತಿರುಗಿದರು. "ಚೀಲ ಇಳಿಸೋ."

"ಅಮ್ಮ, ಈಗ ನನ್ನ ಟರ್ನ್ ಅಲ್ವಾ?"

"ನೀನು ಬಸುರಾದಾಗ ಹೇಳಿ ಕಳಿಸು, ಬರ್ತೀನಿ."

ಒದ್ದೆ ಬಟ್ಟೆಯಲ್ಲೇ ಕೂತು ಎಲ್ಲರೂ ಕಡುಬು ತಿಂದೆವು. ರೇಂಜರ್ ಹುಡುಗಿ ಎರಡು ಚಿಗಳಿ ಉಂಡೆ ತಿಂದಳು. ವಾಪಸು ಬರುವಾಗ ಅತ್ತೆಯ ಸೀರೆಯ ಒಂದು ಅಂಚನ್ನು ಕಾರಿನ ಕಿಟಕಿಗೆ ಸಿಕ್ಕಿಸಿ ಒಣಗಿಸಿದೆವು. ಹಿಂದಿನ ಕಾರಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಬಹಳ ದೂರ ಬಂದ ಮೇಲೆ ಅತ್ತೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಯಾರ ಮನೆ ಹಿರಿಯರೋ ಏನೋ. ಅವರ ಮನೇಲೂ ಸೊಸೆಯಂದಿರು, ಬಸುರಿಯರು ಇದ್ದೇ ಇರ್ತಾರೆ. ಕೋಪ ಮಾಡ್ಕೊಳಲ್ಲ ಬಿಡು."

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಕಾಲು ತೊಳೆದು ನೇರ ಅಡಿಗೆಮನೆಗೆ ಹೋದರು. ಅಕ್ಕಿ ಡಬ್ಬ ಪಕ್ಕಕ್ಕೆ ಸರಿಸಿ ಹಿಂದೆ ಕೈಹಾಕಿ ಆ ಗಂಟನ್ನು ಎಳೆದರು. ಬೆಳಿಗ್ಗೆ ಚೀಲ ತುಂಬುವಾಗ ಅದನ್ನು ಅವರು ಮುಟ್ಟಿಯೇ ಇರಲಿಲ್ಲ.

"ಇದನ್ನ ಇಲ್ಲೇ ಮರೆತು ಹೊರಟಿದ್ರಾ, ಅತ್ತೆ?" ಎಂದೆ.

ಅತ್ತೆ ಗಂಟು ಬಿಚ್ಚಿ ಶುಂಠಿಯನ್ನು ಮೂಸಿ ನೋಡಿದರು.

"ಮರೆಯೋಕೆ ನಾನೇನು ನಿನ್ನ ಗಂಡನೇನೇ?"