ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ನಾರು

ಹೂ ಕಟ್ಟುವವಳ ಮಡಿಲಲ್ಲಿ ಯಾವಾಗಲೂ ಒಂದು ಒದ್ದೆ ಬಟ್ಟೆ ಇರುತ್ತದೆ. ಬಾಳೆನಾರನ್ನು ಅದರಲ್ಲಿ ಸುತ್ತಿಟ್ಟರೆ ಹೇಳಿದ ಹಾಗೆ ಬಳುಕುತ್ತದೆ. ಒಣಗಲು ಬಿಟ್ಟರೆ ಗಂಟು ಬಿಗಿಯುವಾಗಲೇ ಪಟ್ ಅಂತ ಹೋಗುತ್ತದೆ. ಜಯನಗರ ಫೋರ್ತ್ ಬ್ಲಾಕಿನಲ್ಲಿ ಇಪ್ಪತ್ತು ವರ್ಷ ಕೂತು ಹೂ ಕಟ್ಟಿದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನನಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದೇ ನನ್ನ ಮೊಮ್ಮಗಳ ಕುತ್ತಿಗೆಗೆ ಬಂತು.

ಅವಳು ಆಗ ಪ್ಲಾಸ್ಟಿಕ್ಕಿನ ಡಿಪ್ಲೊಮಾದ ಕೊನೇ ವರ್ಷದಲ್ಲಿದ್ದಳು. ಓದಿನ ಕೊನೆಗೆ ಏನಾದರೂ ಒಂದು ಸ್ವಂತ ಕೈಯಿಂದ ಮಾಡಿ ತೋರಿಸಬೇಕಂತೆ. ಒಂದು ದಿನ ನನ್ನ ಪಕ್ಕ ಕೂತು ಹೇಳಿದಳು: "ಮೆಕ್ಕೆಜೋಳದ ಹಿಟ್ಟಿಂದಾನೂ ಪ್ಲಾಸ್ಟಿಕ್ ಮಾಡ್ತಾರಜ್ಜಿ. ಮಣ್ಣಿಗೆ ಹಾಕಿದ್ರೆ ಕೊಳೆಯುತ್ತೆ. ಆದ್ರೆ ಹಪ್ಪಳದ ಥರ ಮುರಿಯುತ್ತೆ. ಒಳಗೆ ನಾರು ಸೇರ್ಸಿದ್ರೆ ಗಟ್ಟಿ ಆಗುತ್ತೆ."

"ಗೋಡೆ ಮಣ್ಣು ತುಳಿಯೋವಾಗ ಹುಲ್ಲು ಹಾಕ್ತಿದ್ವಲ್ಲ, ಹಂಗಾ?"

"ಹಂಗೇ ಅಜ್ಜಿ! ನೀನೇ ಬಂದು ಪಾಠ ಮಾಡ್ಬಿಡು."

ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು. ಆ ಒಂದು ಮಾತಿಗೆ ನಾನು ಹಿಗ್ಗಿದ್ದು ಹೇಗಿತ್ತೆಂದರೆ, ಮೊಳ ಹೂವು ಕೇಳಿದವರಿಗೆ ಮಾರು ಅಳೆದು ಕೊಟ್ಟೆ. ಹಣ್ಣಿನ ಅಂಗಡಿಯವನು ಬಾಳೆಹಣ್ಣು ಕಿತ್ತುಕೊಂಡು ಗೊನೆಯ ದಂಟುಗಳನ್ನು ಕಸಕ್ಕೆ ಎಸೆಯುತ್ತಿದ್ದ. ದಿನಾ ಸಂಜೆ ಅವನ್ನು ಆರಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದೆ.

"ಏನಜ್ಜಿ, ಹಸು ಸಾಕಿದ್ರಾ?" ಅಂತ ಅವನು.

"ಪ್ಲಾಸ್ಟಿಕ್ ಫ್ಯಾಕ್ಟರಿ ಇಟ್ಟಿದೀನಪ್ಪ. ನಿನಗೂ ಕೆಲ್ಸ ಬೇಕಾ?"

ಜರಗನಹಳ್ಳಿಯಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಮನೆ ಹಿಂದಿನ ಡ್ರಮ್ಮಿನಲ್ಲಿ ಮೊಮ್ಮಗಳು ದಂಟುಗಳನ್ನು ಎರಡು ವಾರ ನೆನೆಸಿದಳು. ಆ ನಾತಕ್ಕೆ ವಠಾರದವರೆಲ್ಲ ಬೈದರು. ಅವಳು ತಲೆ ತಗ್ಗಿಸಿಕೊಂಡೇ ಕೊಳೆತದ್ದನ್ನು ತಿಕ್ಕಿ ತೊಳೆದು, ನಾರು ಬಿಡಿಸಿ, ಬಿಸಿಲಿಗೆ ಒಣಗಿಸಿ, ಪೇಪರಿನಲ್ಲಿ ಕಟ್ಟಿ ಸಜ್ಜದ ಮೇಲಿಟ್ಟಳು.

ಈ ಹುಡುಗಿಗೆ ಮೊದಲೇ ಓದಿನ ಒಂದು ವರ್ಷ ಹೋಗಿತ್ತು. ಅವಳಮ್ಮ, ಅಂದರೆ ನನ್ನ ಸೊಸೆ, ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು. ಮಗ್ಗುಲು ಬದಲಿಸುವುದು, ಹಾಸಿಗೆ ಒಗೆಯುವುದು, ಗಂಜಿ ಕುಡಿಸುವುದು ಎಲ್ಲ ಈ ಮಗುವೇ. ಒಂದು ಬೆಳಿಗ್ಗೆ ಗಂಜಿ ಗಂಟಲಿಗಿಳಿಯಲಿಲ್ಲ. ಚಮಚ ಹಿಡಿದುಕೊಂಡು ಇವಳು ಹಾಗೇ ಕೂತಿದ್ದಳು, ನಾನೇ ಹೋಗಿ ಕೈಯಿಂದ ಬಿಡಿಸಿದೆ. ಆಮೇಲೆ ನನ್ನ ಮಗ ಹೆಚ್ಚು ಮಾತಾಡುವುದನ್ನೇ ಬಿಟ್ಟ. ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಮಗಳಿಗೆ ಒಂದೇ ಸಲ ಹೇಳಿದ್ದು: "ಈ ಸಲಾನೂ ಹೋಯ್ತು ಅಂದ್ರೆ ಕಾಲೇಜು ಸಾಕು. ಗಾರ್ಮೆಂಟ್ಸ್‌ಗೆ ಸೇರ್ಕೋ." ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದಿದ್ದರೆ ಜಗಳವಾಡಬಹುದಿತ್ತು.

ಪರೀಕ್ಷೆ ಬಂತು ಅಂತ ಅವಳು ಯಡಿಯೂರಿನ ಗೆಳತಿಯ ಮನೆಯಲ್ಲಿ ಐದು ದಿನ ಉಳಿದಳು. ಸಜ್ಜ ಗುಡಿಸುವಾಗ ನನಗೆ ಆ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದರೆ ನಾರು ಬಣಬಣ ಒಣಗಿದೆ, ಒಂದೆಳೆ ಬಗ್ಗಿಸಿದರೆ ಮುರಿಯಿತು. ಅಯ್ಯೋ, ಪಾಪ ಮಗುವಿಗೆ ಗೊತ್ತಿಲ್ಲ, ಇಷ್ಟು ಕಷ್ಟಪಟ್ಟದ್ದೆಲ್ಲ ಹಾಳಾಗುತ್ತದೆ ಅಂದುಕೊಂಡೆ. ನೀರು ಚಿಮುಕಿಸಿ, ನನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ, ದಿನಾ ಹೂವಿಗೆ ಮಾಡುವ ಹಾಗೆ ಬೆಳಿಗ್ಗೆ ಸಂಜೆ ನೀರು ತೋರಿಸಿದೆ. ಅವಳು ಬಂದು ನೋಡಿ ಕುಣಿದಾಡುತ್ತಾಳೆ ಅಂತ ಕಾದೆ.

ಬಂದಳು. ಅವತ್ತು ಕಾಲೇಜಿನಲ್ಲಿ ಹಿಟ್ಟು, ನಾರು ಸೇರಿಸಿ ಹಾಳೆ ಒತ್ತುವ ಬಿಸಿ ಪ್ರೆಸ್ಸಿನಲ್ಲಿ ಅವಳ ಸರದಿ. ಬಟ್ಟೆ ಬಿಚ್ಚಿದಳು. ನಾರಿನ ತುಂಬ ಕಪ್ಪು ಬೂಷ್ಟು.

"ಒದ್ದೆ ಇದ್ರೆ ಬಿಸಿಗೆ ಆವಿ ಏಳುತ್ತೆ, ಹಾಳೆ ತುಂಬ ಗುಳ್ಳೆ ಬರುತ್ತೆ. ಅದಕ್ಕೇ ಒಣಗಿಸಿದ್ದು. ಬೂಷ್ಟು ತಿಂದ ನಾರು ಇನ್ನು ಒಣಗಿಸಿದ್ರೂ ಬರಲ್ಲ," ಅಂದಳು, ಗೋಡೆಗೆ ಹೇಳುವ ಹಾಗೆ. ಆಮೇಲೆ, "ಯಾಕಜ್ಜಿ ಮುಟ್ಟಿದೆ?"

ಬೈಯಲಿಲ್ಲ. ಹೋಗಿ ತಾಯಿಯ ಹಾಸಿಗೆಯಿದ್ದ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಳು. ಅದನ್ನು ನೋಡಿ ನನ್ನ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸಿತು.

ಮೂರು ದಿನ ಬಿಟ್ಟು ಇನ್ನೊಂದೇ ಸರದಿ ಇತ್ತು, ಅದೇ ಕೊನೆಯದು. ನನ್ನ ಹೂವಿನ ನಾರು ಹಿರಿದು ಕೊಟ್ಟೆ. "ಅದು ಗಿಡದ ಪಟ್ಟೆಯದು. ನಾನು ಬರ್ದಿರೋದು ಹಣ್ಣಿನ ಕಸದ ನಾರು ಅಂತ. ಸುಳ್ಳು ಹೇಳಲ್ಲ," ಅಂದಳು. ಹಾಗಾದರೆ ನೆನೆಸಲು ಹೊತ್ತಿಲ್ಲ. ಹಸಿ ದಂಟನ್ನು ಸೀಳಿ, ಹಲಗೆಯ ಮೇಲೆ ಮೊಂಡು ಚಾಕುವಿನಲ್ಲಿ ಹೆರೆಯುವುದೊಂದೇ ದಾರಿ. ಎರಡು ದಿನ ವ್ಯಾಪಾರಕ್ಕೆ ಹೋಗದೆ ಹೆರೆದೆ. ಉಗುರಿನ ಸಂದಿ ಒಡೆದು, ಬಾಳೆಯ ಕಪ್ಪು ಕಲೆಯ ಜೊತೆ ರಕ್ತ ಸೇರಿತು. ಅವಳೂ ಎದುರಿಗೇ ಕೂತು ಹೆರೆದಳು. ಮಗ ಡ್ಯೂಟಿಯಿಂದ ಬಂದು ನಮ್ಮಿಬ್ಬರನ್ನೂ ದಾಟಿಕೊಂಡು ಒಳಗೆ ಹೋದ.

ಮೇ ತಿಂಗಳ ಮಳೆ, ಬಿಸಿಲೇ ಇಲ್ಲ. ಬೀದಿಯ ಇಸ್ತ್ರಿ ಗಾಡಿಗೆ ಓಡಿದೆ.

"ಏನಜ್ಜಿ ಇದು, ಚೌರಿಗೆ ಇಸ್ತ್ರಿ ಹಾಕಿಸ್ತೀರಾ? ಈ ವಯಸ್ಸಲ್ಲಿ ಯಾವ ಮದುವೆ?"

"ನಂದೇ ಕಣಯ್ಯ, ಬೇಗ ಹಾಕು."

ಹಳೇ ಪಂಚೆಯ ನಡುವೆ ಹರಡಿ, ಕೆಂಡದ ಪೆಟ್ಟಿಗೆ ಉಜ್ಜಿ ಉಜ್ಜಿ, ಹೊಗೆಯಂತೆ ಆವಿ ಹೋದ ಮೇಲೆ ನಾರು ಗರಿಗರಿಯಾಯಿತು. ಮೊದಲಿನಷ್ಟು ನಯವಿರಲಿಲ್ಲ. ಅವಳು ಮೂಸಿ, ಮುಟ್ಟಿ, ಡಬ್ಬಿಗೆ ತುಂಬಿಕೊಂಡು ಹೋದಳು.

ಆಮೇಲಿನ ಒಂದು ವಾರ ನಮ್ಮ ಮನೆಯಲ್ಲಿ ಉಸಿರು ಬಿಡುವುದೂ ತಪ್ಪು ಅನ್ನುವ ಹಾಗಿತ್ತು. ಒಂದು ಮಧ್ಯಾಹ್ನ ಬಂದು ನನ್ನ ಮುಂದೆ ಕಂದು ಬಣ್ಣದ ಎರಡು ಚೂರು ಇಟ್ಟಳು. ಮುರಿದ ಅಂಚಿನಲ್ಲಿ ನಾರು ಹಲ್ಲಿನ ಹಾಗೆ ಹೊರಗೆ ಬಂದಿತ್ತು. ಎರಡನ್ನೂ ಎತ್ತಿ ಜೋಡಿಸಿ ಹಿಡಿದೆ.

"ಮುರಿದೇ ಹೋಯ್ತಾ ಮಗಳೇ?"

"ಮುರಿಯೋವರೆಗೂ ಮಿಷನ್ನು ಎಳೆಯುತ್ತಜ್ಜಿ. ಎಷ್ಟು ಹೊತ್ತು ತಡೀತು ಅನ್ನೋದೇ ಪರೀಕ್ಷೆ. ಬರೀ ಹಿಟ್ಟಿನ ಹಾಳೆ ತಕ್ಷಣ ಹೋಯ್ತು. ಇದು ಬೇಗ ಹೋಗ್ಲೇ ಇಲ್ಲ. ಸಾರ್ ಎದ್ದು ಬಂದು ನೋಡಿದ್ರು. ಪಾಸು ಅಜ್ಜಿ, ಪಾಸು!"

ಅಯ್ಯೋ, ಆಗ ನನಗಾದದ್ದನ್ನು ಹೇಗೆ ಹೇಳಲಿ! ಅವಳನ್ನು ತಬ್ಬಿಕೊಂಡು, ಒಡೆದ ಬೆರಳಲ್ಲೇ ಕೆನ್ನೆ ಸವರಿ, ನಗುತ್ತಾ ಅಳುತ್ತಾ ಲಟಿಕೆ ಮುರಿದೆ. ಅವತ್ತು ಮನೆಯಲ್ಲೇ ಇದ್ದ ಮಗ ಒಳಗಿಂದ ಎದ್ದು ಬಂದ. ಒಂದು ಚೂರು ಎತ್ತಿಕೊಂಡು ಎರಡೂ ಕೈಯಲ್ಲಿ ಬಗ್ಗಿಸಿದ. ಬಲವೆಲ್ಲ ಹಾಕಿ ಬಗ್ಗಿಸಿದ, ಮುಖ ಕೆಂಪಾಯಿತು, ಮುರಿಯಲಿಲ್ಲ. ಸೊಸೆ ಹೋದ ಮೇಲೆ ಅವನು ಅತ್ತದ್ದನ್ನು ನಾನು ನೋಡಿದ್ದು ಆವಾಗಲೇ. ಕಣ್ಣೊರೆಸಿಕೊಂಡು ಮಗಳನ್ನು ಕೇಳಿದ:

"ಮುಂದಕ್ಕೆ ಓದೋಕೆ ಎಲ್ಲಿಗೆ ಸೇರ್ತೀಯಮ್ಮ?"